ಪದಚರ್ಚೆ: ಲ್ಯಾಪ್‌ಟಾಪ್ ‘ತೆರೆ’, ‘ಬಿಚ್ಚು’, ‘ಕಳಚು’, ‘ಮೀಟು’ – ಯಾವುದು ಎಲ್ಲಿ?

ಬಳಗದ ಎಲ್ಲರಿಗೂ ನಮಸ್ಕಾರ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ತೆಳು ಲ್ಯಾಪ್‌ಟಾಪಿನ ಅಡಿಯ ಮುಚ್ಚಳ ತೆಗೆಯಬೇಕು. ರ‍್ಯಾಮ್, ಎಸ್‌ಎಸ್‌ಡಿ ಬದಲಿಸಬೇಕು (ಮೊದಲನೆಯದು ಕೆಲಸದ ವೇಳೆಯ ಮೆಮೊರಿ, ಎರಡನೆಯದು ಕಡತಗಳು ಉಳಿಯುವ ಜಾಗ). ಫ್ಯಾನಿನ ಧೂಳು ಹೊಡೆದು ಮತ್ತೆ ಮುಚ್ಚಬೇಕು. ಈ ಕೆಲಸವನ್ನು ಕನ್ನಡದಲ್ಲಿ ಹಂತ ಹಂತವಾಗಿ ಬರೆಯುವಾಗ ನೀವು ಯಾವ ಕ್ರಿಯಾಪದಗಳನ್ನು ಹಾಕುತ್ತೀರಿ? ಹೆಸರುಗಳ ಬಗ್ಗೆ ನನಗೆ ತಕರಾರಿಲ್ಲ. ರ‍್ಯಾಮ್ ಅಂದರೆ ರ‍್ಯಾಮ್, ಫ್ಯಾನ್ ಅಂದರೆ ಫ್ಯಾನ್. ಅಂಗಡಿಯಲ್ಲಿ ಕೇಳಿದರೆ ಸಿಗುವ ಹೆಸರೇ ಹಾಳೆಯ ಮೇಲೂ ಇರಲಿ. ಆದರೆ ಕೈ ಏನು ಮಾಡಬೇಕು ಅನ್ನುವುದನ್ನು ಹೇಳುವುದು ಕ್ರಿಯಾಪದ. ಅದು ತಪ್ಪಿದರೆ ಏನಾದರೂ ಮುರಿಯುತ್ತದೆ.

ಹಿನ್ನೆಲೆ ಇಷ್ಟೇ. ಮುಂಬಯಿಯ ಮುಲುಂಡ್ ಕಡೆ ನಾವು ಕೆಲವು ಕನ್ನಡದವರು ಸೇರಿ, ಆಫೀಸುಗಳು ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪ್‌ಗಳನ್ನು ಸರಿಮಾಡಿ ಓದುವ ಮಕ್ಕಳಿಗೆ ಕೊಡುತ್ತೇವೆ. ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಲ್ಲಿ ಕುಂದಾಪುರ, ಕಾರ್ಕಳ ಕಡೆಯವರಿದ್ದಾರೆ. ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ಮಾತು ಕನ್ನಡ, ನಡುನಡುವೆ ಹಿಂದಿ, ಮರಾಠಿ. ಅವರಿಗಾಗಿ ಮೇಜಿನ ಎದುರಿನ ಗೋಡೆಗೆ ಅಂಟಿಸಲು ಒಂದು ಹಾಳೆ ಬರೆಯುತ್ತಿದ್ದೇನೆ.

ತೊಡಕು ಮೊದಲ ಸಾಲಿನಲ್ಲೇ ಶುರು. ಇಲ್ಲಿ ಎಲ್ಲರ ಬಾಯಲ್ಲೂ ‘ಓಪನ್ ಮಾಡು’. ‘ಲ್ಯಾಪ್‌ಟಾಪ್ ಓಪನ್ ಮಾಡು’ ಅಂದರೆ ಒಬ್ಬಳು ಪರದೆ ಎತ್ತುತ್ತಾಳೆ, ಇನ್ನೊಬ್ಬ ಅದನ್ನು ಮಗುಚಿ ಹಾಕಿ ಸ್ಕ್ರೂಡ್ರೈವರ್ ಹುಡುಕುತ್ತಾನೆ. ಇಬ್ಬರೂ ಹೇಳಿದ್ದನ್ನೇ ಮಾಡಿದ್ದಾರೆ! ಹಿಂದಿಯ ‘ಖೋಲ್ನಾ’ ಕೂಡ ಹೀಗೇ. ಬಾಗಿಲಿಗೂ ಅದೇ, ಬೋಲ್ಟಿಗೂ ಅದೇ. ಮರಾಠಿಯವರು ಸ್ವಲ್ಪ ಬೇರ್ಪಡಿಸುತ್ತಾರೆ. ಬಾಗಿಲು, ಡಬ್ಬಿಗೆ ‘ಉಘಡಣೆ’. ಯಂತ್ರವಾದರೆ ಹೆಚ್ಚಾಗಿ ‘ಖೋಲಣೆ’.

ಕನ್ನಡದಲ್ಲಿ ಕಣ್ಣು ತೆರೆಯುತ್ತೇವೆ, ಬಾಗಿಲು ತೆರೆಯುತ್ತೇವೆ, ಪುಸ್ತಕ, ಅಂಗಡಿ ತೆರೆಯುತ್ತೇವೆ. ದಿನಾ ತೆರೆದು ಮುಚ್ಚಲಿಕ್ಕೆಂದೇ ಇರುವ ವಸ್ತುಗಳಿವು. ಹಾಗಾಗಿ ‘ತೆರೆ’ ಲ್ಯಾಪ್‌ಟಾಪಿನ ಪರದೆಗೆ ಸರಿ. ಅಡಿಯ ಮುಚ್ಚಳವನ್ನು ನಾವು ಮುಟ್ಟುವುದೇ ಬೇಡ ಎನ್ನುವ ಹಾಗೆ ಕೂರಿಸಿರುತ್ತಾರೆ. ಅದಕ್ಕೆ ‘ತೆರೆಯಿರಿ’ ಅಂತ ಬರೆದರೆ ಕೆಲಸ ಬಲು ಸುಲಭ ಅಂದುಕೊಂಡಾರು.

‘ತೆಗೆ’ ಇನ್ನೂ ಗೋಜಲು. ‘ಬಾಗ್ಲಾ ತಗಿ’ ಅಂದರೆ ತೆರೆ, ‘ಕಸ ತೆಗೆ’ ಅಂದರೆ ಇಲ್ಲವಾಗಿಸು. ನನ್ನ ಕರಡಿನಲ್ಲಿ ಎರಡನೆಯ ಹಂತ ‘ಬ್ಯಾಟರಿ ತೆಗೆಯಿರಿ’ ಎಂದಾಗಬಹುದಿತ್ತು. ಬೇಕಾದದ್ದು ಬ್ಯಾಟರಿಯ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸುವುದು ಮಾತ್ರ. ರ‍್ಯಾಮ್ ಮುಟ್ಟುವ ಮೊದಲು ಕರೆಂಟು ಪೂರ್ತಿ ನಿಲ್ಲಬೇಕು, ಅಷ್ಟೇ. ತೆಳು ಯಂತ್ರಗಳಲ್ಲಿ ಎಷ್ಟೋ ಬ್ಯಾಟರಿಗಳು ಅಂಟಿನ ಮೇಲೆ ಕೂತಿರುತ್ತವೆ. ‘ತೆಗೆಯಿರಿ’ ಎಂದದ್ದನ್ನು ನಂಬಿ ಯಾರಾದರೂ ಅದನ್ನು ಎಬ್ಬಿಸಲು ಹೋದರೆ ಬ್ಯಾಟರಿ ಬಗ್ಗುತ್ತದೆ, ಬೆಂಕಿಗೆ ಅಷ್ಟು ಸಾಕು. ಇಲ್ಲಿ ‘ಬಿಡಿಸು’ ಚೆನ್ನಾಗಿ ಕೂರುತ್ತದೆ. ‘ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಬ್ಯಾಟರಿ ಇದ್ದಲ್ಲೇ ಇರಲಿ.’

ಈಗ ‘ಬಿಚ್ಚು’. ನನ್ನ ಮತ ಇದಕ್ಕೇ. ಗಂಟು ಬಿಚ್ಚುತ್ತೇವೆ, ಮೂಟೆ ಬಿಚ್ಚುತ್ತೇವೆ, ಹಳೆಯ ಗಡಿಯಾರ ಬಿಚ್ಚುತ್ತೇವೆ. ಬಾಯಿ ಬಿಚ್ಚುವುದು, ಮನಸ್ಸು ಬಿಚ್ಚುವುದೂ ಇದೆ. ಕಟ್ಟಿದ್ದನ್ನು ಬಿಚ್ಚುವುದು, ಬಿಚ್ಚಿದ್ದನ್ನು ಮತ್ತೆ ಕಟ್ಟುವುದು. ಅಂದರೆ ವಾಪಸು ಬರುವ ದಾರಿ ಆ ಪದದೊಳಗೇ ಇದೆ. ಕಲಿಯುವವರಿಗೆ ಆ ಭರವಸೆ ಬೇಕು. ತೊಂದರೆ ಏನೆಂದರೆ ‘ಬಿಚ್ಚು’ ಅಂದ ಕೂಡಲೇ ಬಟ್ಟೆ ನೆನಪಾಗುತ್ತದೆ. ‘ಲ್ಯಾಪ್‌ಟಾಪ್ ಬಿಚ್ಚುವುದು ಹೇಗೆ?’ ಎಂಬ ತಲೆಬರಹ ಓದಿ ಹುಡುಗರು ಕಿಸಕ್ಕನೆ ನಕ್ಕರು. ನಗಲಿ ಬಿಡಿ, ನಕ್ಕದ್ದು ಮರೆಯುವುದಿಲ್ಲ.

‘ಕಳಚು’ ಎಂಬ ಸಲಹೆ ಕೊಟ್ಟವರು ಮೈಸೂರು ಕಡೆಯ ಹಿರಿಯರೊಬ್ಬರು. ಒಳ್ಳೆಯ ಪದ, ಆದರೆ ಅದು ಎರಡೂ ಕಡೆ ತಿರುಗುತ್ತದೆ. ನಾವಾಗಿ ಕಳಚಬಹುದು, ತಾನಾಗಿಯೂ ಕಳಚಿಕೊಳ್ಳಬಹುದು. ರೈಲಿನ ಬೋಗಿ ಕಳಚಿತು, ಚಪ್ಪಲಿಯ ಉಂಗುಷ್ಟ ಕಳಚಿತು. ಪತ್ರಿಕೆಯವರು ಯಾರಾದರೂ ಹಿರಿಯರು ತೀರಿಕೊಂಡರೆ ಸಾಕು, ‘ಕೊನೆಯ ಕೊಂಡಿ ಕಳಚಿತು’ ಎಂದು ಬರೆದೇ ಬರೆಯುತ್ತಾರೆ. ಹೀಗಾಗಿ ಈ ಪದಕ್ಕೆ ಅಪಘಾತದ ವಾಸನೆ ಅಂಟಿದೆ. ಕಲಬುರಗಿಯ ಹುಡುಗ ಮಾತ್ರ ‘ನಮ್ಮ ಕಡಿ ಅಂಗಿ ಕಳೀತೀವ್ರಿ, ಬಿಚ್ಚೂದು ಗಂಟು’ ಎಂದ. ಅವನಿಗೆ ‘ಬಿಚ್ಚು’ ಕೇಳಿದರೆ ನಗು ಬರುವುದೇ ಇಲ್ಲ. ನಾನು ಸದ್ಯಕ್ಕೆ ಹೀಗೆ ಹಂಚಿದ್ದೇನೆ. ಇಡೀ ಯಂತ್ರವನ್ನು ಬಿಚ್ಚುವುದು, ಒಳಗಿನ ಒಂದೊಂದು ಭಾಗವನ್ನು ಕಳಚುವುದು. ಒಪ್ಪುತ್ತೀರಾ?

ಸ್ಕ್ರೂವಿನ ವಿಷಯಕ್ಕೆ ಬರೋಣ. ಇದೊಂದು ಹೆಸರಿಗೆ ಮಾತ್ರ ನನ್ನ ನಿಯಮ ಮುರಿಯಬೇಕೆನಿಸಿದೆ, ಯಾಕೆಂದರೆ ಕನ್ನಡದ್ದು ಇನ್ನೂ ಜೀವಂತವಾಗಿದೆ. ಓಲೆಯ ತಿರುಪು ಕಳೆದುಹೋದರೆ ಇಡೀ ಮನೆ ಹುಡುಕುವುದಿಲ್ಲವೇ? ಆ ತಿರುಪೇ ಇದು. ತಿರುಪು, ಅದನ್ನು ತಿರುಗಿಸುವ ಉಳಿ ತಿರುಪುಳಿ. ಹುಡುಗಿಯರಿಗೆ ‘ತಿರುಪು’ ಅಂದ ತಕ್ಷಣ ಹೊಳೆಯಿತು. ‘ತಿರುಪುಳಿ’ ಅಂದಾಗ ಯಾರಿಗೂ ಗೊತ್ತಾಗಲಿಲ್ಲ. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ, ಅಂದರೆ ಬೋರ್ಡಿನ ಪ್ರಕಾರ ಡಾ. ಭಡಕಮ್ಕರ್ ಮಾರ್ಗದಲ್ಲಿ, ಅದಕ್ಕೆ ಸ್ಕ್ರೂಡ್ರೈವರ್, ಪೇಚ್‌ಕಸ್, ಗುಜರಾತಿ ಅಂಗಡಿಯವರಾದರೆ ‘ಡಿಸ್ಮಿಸ್’. ಹೌದು, ಡಿಸ್ಮಿಸ್. ಸಾಮಾನು ತರಲು ಹೋದ ಹೊಸಬ ‘ಡಿಸ್ಮಿಸ್ ಚಾಹಿಯೇ ಕ್ಯಾ?’ ಎಂಬ ಪ್ರಶ್ನೆ ಕೇಳಿ ಗಾಬರಿಯಾಗಿ ಫೋನ್ ಮಾಡಿದ್ದ.

ಪರ್ಷಿಯನ್ ಭಾಷೆಯ ‘ಪೇಚ್’ ಅಂದರೆ ತಿರುವು, ಸುತ್ತು. ಹಿಂದಿಯಲ್ಲಿ ಅದು ಸ್ಕ್ರೂ ಆಗಿ ಉಳಿಯಿತು. ಕನ್ನಡಕ್ಕೆ ಬಂದದ್ದು ಬರೀ ಸಂಕಟ: ಪೇಚಿಗೆ ಸಿಕ್ಕೆ, ಪೇಚಾಡಿದೆ, ಪೇಚುಮೋರೆ ಹಾಕಿದೆ. ತೆಳು ಲ್ಯಾಪ್‌ಟಾಪ್ ಬಿಚ್ಚಿದವರಿಗೆ ಎರಡೂ ಅರ್ಥ ಒಟ್ಟಿಗೇ ತಿಳಿಯುತ್ತದೆ. ಒಂದೇ ಮುಚ್ಚಳದಲ್ಲಿ ಕೂಡಿಸುವ ಗುರುತಿನ ತಲೆಯ ತಿರುಪಿರಬಹುದು, ಆರು ಮೂಲೆಯ ನಕ್ಷತ್ರದ ಟಾರ್ಕ್ಸ್ ಟಿ5 ಇರಬಹುದು. ಮ್ಯಾಕ್‌ಬುಕ್ ಏರ್‌ನಲ್ಲಿ ಐದು ಎಸಳಿನ ಪೆಂಟಲೋಬ್. ಕೆಲವು ತಿರುಪುಗಳು ರಬ್ಬರ್ ಕಾಲಿನ ಕೆಳಗೆ ಅಡಗಿರುತ್ತವೆ. ಉದ್ದವೂ ಒಂದೇ ಅಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ತಿರುಗಿಸಿದರೆ ಕೀಬೋರ್ಡ್ ಬದಿಯಲ್ಲಿ ಗುಬುಟು ಏಳುತ್ತದೆ, ಇಲ್ಲವೇ ಒಳಗೆ ಬೋರ್ಡಿಗೆ ತಾಗುತ್ತದೆ. ಹಾಗಾಗಿ ಹಾಳೆಯಲ್ಲಿ ‘ತಿರುಪುಗಳನ್ನು ಬಂದ ಜಾಗದ ಕ್ರಮದಲ್ಲೇ ಇಡಿ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದೇನೆ.

ತಿರುಪು ವಾಪಸು ಹಾಕುವಾಗಿನ ಕ್ರಿಯಾಪದವೂ ತಲೆನೋವೇ. ‘ಬಿಗಿಯಿರಿ’ ಎಂದರೆ ಹುಡುಗರು ಸೈಕಲ್ಲಿನ ನಟ್ಟು ಬಿಗಿದ ಹಾಗೆ ಬಿಗಿಯುತ್ತಾರೆ. ಇವು 2 ಮಿಲಿಮೀಟರ್ ದಪ್ಪದ ತಿರುಪುಗಳು. ‘ನಿಲ್ಲುವ ತನಕ ತಿರುಗಿಸಿ, ಬಿಗಿಯಬೇಡಿ’ ಎಂದು ಬರೆದೆ. ಇನ್ನೂ ಚಿಕ್ಕದಾಗಿ ಹೇಳುವ ಪದ ಯಾರಲ್ಲಾದರೂ ಇದೆಯೇ?

ತಿರುಪೆಲ್ಲ ಬಂದರೂ ಮುಚ್ಚಳ ಬರುವುದಿಲ್ಲ. ಅಂಚಿನ ಸುತ್ತ ಪ್ಲಾಸ್ಟಿಕ್ ಕೊಕ್ಕೆಗಳು ಕಚ್ಚಿ ಹಿಡಿದಿರುತ್ತವೆ. ತೆಳು ಚೂರೊಂದನ್ನು ಸಂದಿಗೆ ತೂರಿಸಿ, ಸ್ವಲ್ಪ ಒತ್ತು ಕೊಟ್ಟು, ಕೊಕ್ಕೆಯೊಂದನ್ನು ಎಬ್ಬಿಸಿ, ಮುಂದಕ್ಕೆ ಜಾರಿಸಬೇಕು. ಇಂಗ್ಲಿಷಿನಲ್ಲಿ ‘ಪ್ರೈ’ ಅನ್ನುತ್ತಾರೆ. ಅಂತರ್ಜಾಲದ ಕನ್ನಡ ಅನುವಾದಗಳಲ್ಲಿ ‘ಇಣುಕಿ ತೆರೆಯಿರಿ’ ಎಂಬಂಥ ಸಾಲು ಕಂಡರೆ ಬೆಚ್ಚಬೇಡಿ, ಯಂತ್ರ ‘ಪ್ರೈ’ ಪದದ ಇನ್ನೊಂದು ಅರ್ಥವನ್ನು ಹಿಡಿದಿರುತ್ತದೆ. ಕನ್ನಡದಲ್ಲಿ ಇದಕ್ಕೆ ‘ಮೀಟು’ ಇದೆಯಲ್ಲ! ನೆಲದಲ್ಲಿ ಹೂತ ಕಲ್ಲನ್ನು ಸನ್ನೆಗೋಲಿನಿಂದ ಮೀಟುತ್ತೇವೆ. ವೀಣೆಯ ತಂತಿಯನ್ನೂ ಮೀಟುತ್ತೇವೆ. ತಮಾಷೆ ಏನೆಂದರೆ, ರಿಪೇರಿಯವರು ಮುಚ್ಚಳ ಎಬ್ಬಿಸಲು ಬಳಸುವುದು ಗಿಟಾರ್ ಮೀಟುವ ಆ ಮೂರು ಮೂಲೆಯ ಪ್ಲಾಸ್ಟಿಕ್ ಚೂರನ್ನೇ. ರಿಪೇರಿ ಕಿಟ್‌ಗಳಲ್ಲಿ ಅದೇ ಆಕಾರದ್ದು ಬರುತ್ತದೆ. ಅದೇ ಚೂರು, ಅದೇ ಕ್ರಿಯಾಪದ, ಎರಡು ಕಸುಬು.

ಅದಕ್ಕೇ ನಾನು ಆ ಚೂರಿಗೆ ‘ಮೀಟುಬಿಲ್ಲೆ’ ಅಂತಲೂ, ಚಪ್ಪಟೆ ತುದಿಯ ಪ್ಲಾಸ್ಟಿಕ್ ಕಡ್ಡಿಗೆ ‘ಮೀಟುಗಡ್ಡಿ’ ಅಂತಲೂ ಕರೆಯಲು ಶುರುಮಾಡಿದ್ದೇನೆ. ಹುಡುಗರು ಒಪ್ಪಿಕೊಂಡ ಹಾಗಿದೆ, ‘ಅಣ್ಣ, ಬಿಲ್ಲೆ ಕೊಡಿ’ ಅನ್ನುತ್ತಾರೆ. ಬಳಗದಲ್ಲಿ ವೈಣಿಕರು ಇದ್ದರೆ ದಯವಿಟ್ಟು ಹೇಳಿ. ಮೀಟುವಾಗ ಬೆರಳಿನ ಬಲ ಎಷ್ಟಿರಬೇಕು ಅನ್ನುವುದಕ್ಕೆ ನಿಮ್ಮ ಪಾಠದಲ್ಲಿ ಬೇರೆ ಬೇರೆ ಪದಗಳಿವೆಯೇ? ನನಗೆ ಅಂಥದ್ದೇ ಬೇಕು. ಬಿಲ್ಲೆ ಕೆಲವೇ ಮಿಲಿಮೀಟರ್ ಒಳಗೆ ಹೋಗಬೇಕು. ಜಾಸ್ತಿ ಹೋದರೆ ಒಳಗಿನ ಪಟ್ಟಿ ತಂತಿ ಹರಿಯುತ್ತದೆ. ಇಲ್ಲಿನ ರಿಪೇರಿಯವರು ಆ ಪಟ್ಟಿಗೆ ‘ಪಟ್ಟಾ’ ಅನ್ನುತ್ತಾರೆ. ಅದರ ಕನೆಕ್ಟರಿಗೆ ಪುಟ್ಟದೊಂದು ಚಿಲಕ ಇರುತ್ತದೆ. ಚಿಲಕ ಎತ್ತದೆ ಪಟ್ಟಾ ಎಳೆದರೆ ಮುಗಿಯಿತು. ‘ಚಿಲಕ’ ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಯಿತು, ಅದರ ಬಗ್ಗೆ ಚರ್ಚೆ ಬೇಡ.

ಸದ್ದಿನ ಪದಗಳಲ್ಲಿ ಕನ್ನಡ ಎಷ್ಟು ಉದಾರಿ ಅನ್ನುವುದು ಈ ಹಾಳೆ ಬರೆಯುವಾಗ ಗೊತ್ತಾಯಿತು. ಕೊಕ್ಕೆ ಸರಿಯಾಗಿ ಬಿಟ್ಟರೆ ‘ಟಕ್’. ಮುರಿದರೆ ‘ಲಟಕ್’. ಇಷ್ಟು ಬರೆದರೆ ಅರ್ಧ ಪುಟ ಉಳಿಯುತ್ತದೆ. ‘ಟಕ್ ಟಕ್ ಎಂದು ಬಿಡುತ್ತ ಬರಬೇಕು. ಲಟಕ್ಕೆಂದರೆ ನಿಲ್ಲಿಸಿ, ಹಿರಿಯರನ್ನು ಕರೆಯಿರಿ.’ ಕುಂದಾಪುರದ ಹುಡುಗಿ ಮುರಿದ ಸದ್ದಿಗೆ ‘ಪಟಕ್’ ಆಗಬೇಕು ಅಂತ ವಾದಿಸಿದಳು. ನನಗೇನೋ ಪಟಕ್ಕನೆ ದಾರ ಹರಿಯುತ್ತದೆ, ಲಟಕ್ಕನೆ ಕಡ್ಡಿ ಮುರಿಯುತ್ತದೆ. ನಿಮ್ಮ ಕಿವಿಗೆ ಹೇಗೆ?

ರ‍್ಯಾಮ್ ಬಗ್ಗೆ. ಅಂಗಡಿಯವರು ‘ಆನ್‌ಬೋರ್ಡ್’ ಎಂದು ಹೇಳುವುದನ್ನು ನಾನು ‘ಬೆಸೆದ ರ‍್ಯಾಮ್’ ಎಂದಿದ್ದೇನೆ. ಬೆಸುಗೆ ಎಲ್ಲರಿಗೂ ಗೊತ್ತು, ಮುಖ್ಯವಾಗಿ ಅದು ಬಿಡುವುದಿಲ್ಲ ಎಂಬುದು ಗೊತ್ತು. ಅದಕ್ಕೆ ಎದುರು ‘ಸಿಗಿಸುವ ರ‍್ಯಾಮ್’. ತೆಳು ಲ್ಯಾಪ್‌ಟಾಪ್ ತೆಗೆದುಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ ಅನ್ನಿಸುತ್ತದೆ: ಬೆಸೆದದ್ದೋ, ಸಿಗಿಸುವುದೋ? ಬೆಸೆದದ್ದಾದರೆ ಮುಚ್ಚಳ ಬಿಚ್ಚಿಯೂ ರ‍್ಯಾಮ್ ಹೆಚ್ಚಿಸಲು ಆಗದು. ಇವೆರಡರ ನಡುವೆ ಈಗ ಮೂರನೆಯದು ಬಂದಿದೆ. ಮೆಮೊರಿ ಚಿಪ್ಪುಗಳ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕ್ಯಾಮ್2 ಎಂಬ ಮಾನದಂಡ ಪ್ರಕಟಿಸಿತು. ಅದರಲ್ಲಿ ರ‍್ಯಾಮ್ ಬೋರ್ಡಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ, ತಿರುಪಿನಿಂದ ನಿಲ್ಲುತ್ತದೆ. ತೆಳುವೂ ಹೌದು, ಬದಲಿಸಲೂ ಬರುತ್ತದೆ. ಆಫೀಸುಗಳು ಕೈಬಿಟ್ಟ ಯಂತ್ರಗಳಲ್ಲಿ ಅದು ನಮ್ಮ ಮೇಜಿಗೆ ಬರಲು ಇನ್ನೂ ಕೆಲವು ವರ್ಷ ಬೇಕಾದೀತು. ಆಗ ‘ತಿರುಪಿನ ರ‍್ಯಾಮ್’ ಅನ್ನೋಣ.

ಸಿಗಿಸುವ ರ‍್ಯಾಮಿನ ಎರಡು ಬದಿಗೆ ಸ್ಪ್ರಿಂಗಿನ ತೋಳುಗಳಿವೆ. ಬಾಣಲೆಗೆ ಕಿವಿ ಇದ್ದ ಹಾಗೆ ಇದಕ್ಕೂ ‘ಕಿವಿ’ ಎಂದೆ. ‘ಎರಡೂ ಕಿವಿ ಅಗಲಿಸಿ, ರ‍್ಯಾಮ್ ತಾನೇ ಏಳುತ್ತದೆ.’ ಅಂಚಿನಲ್ಲಿರುವ ಗಾಯದಂಥ ಸಂದಿಗೆ ಮರಾಠಿಯಲ್ಲಿ ‘ಖಾಚ’, ನಮ್ಮ ಬಡಗಿಗಳ ಪದ ‘ಕಚ್ಚು’. ಹಿಂದಿನ ಪೀಳಿಗೆಯ ಡಿಡಿಆರ್4ಕ್ಕೆ 260 ಪಿನ್, ಅದರ ನಂತರದ ಡಿಡಿಆರ್5ಕ್ಕೆ 262. ಕಚ್ಚಿನ ಜಾಗವೂ ಬೇರೆ, ಒಂದರದ್ದು ಇನ್ನೊಂದರಲ್ಲಿ ಕೂರುವುದಿಲ್ಲ. ‘ಕಚ್ಚಿಗೆ ಕಚ್ಚು ಕೂಡಿದರೆ ಮಾತ್ರ ಅದುಮಿ’ ಎಂದು ಬರೆದಿದ್ದೇನೆ. ‘ಒತ್ತಿ’ ಅಂದರೆ ಬೆರಳ ತುದಿಯಿಂದ ಬಟನ್ ಒತ್ತಿದ ಹಾಗೆ ಒತ್ತಿ ಬಿಡುತ್ತಾರೆ, ರ‍್ಯಾಮ್ ಅರ್ಧ ಕೂತಿರುತ್ತದೆ. ‘ಅದುಮು’ ಎಂದರೆ ಅಂಗೈಯ ನೆನಪು ಬರುತ್ತದೆ, ಬಲ ಸರಿಯಾಗಿ ಬೀಳುತ್ತದೆ.

ಎಸ್‌ಎಸ್‌ಡಿ ವಿಷಯದಲ್ಲಿ ನನಗೆ ಹಳೆಯ ಪದವೊಂದರ ಮೇಲೆ ಕಣ್ಣು. ಎಂ.2 ಎಂಬ ಚಪ್ಪಟೆ ಕಾರ್ಡಿನ ಅಳತೆ 2280 ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಅದರ ತುದಿಯ ತಿರುಪು ಬಿಚ್ಚಿದರೆ ತುದಿ ಮೇಲಕ್ಕೆ ಏಳುತ್ತದೆ. ಏಳುವ ಕೋನದಲ್ಲೇ ನೇರ ಹೊರಗೆಳೆಯಬೇಕು. ‘ಕೀಳು’ ಎಂದರೆ ಹಲ್ಲು ಕಿತ್ತ ಹಾಗೆ ಅಲ್ಲಾಡಿಸುತ್ತಾರೆ. ‘ಜಗ್ಗು’ ಅಂದರೆ ವಿಜಯಪುರದವರು ನಿಜವಾಗಿಯೂ ಜಗ್ಗುತ್ತಾರೆ. ಒರೆಯಿಂದ ಕತ್ತಿಯನ್ನು ‘ಹಿರಿ’ಯುತ್ತಿದ್ದರಲ್ಲ, ಅದು ಇಲ್ಲಿ ಅಳತೆ ತೆಗೆದ ಹಾಗಿದೆ: ಬಂದ ದಾರಿಯಲ್ಲೇ, ನೇರವಾಗಿ, ನಿಧಾನಕ್ಕೆ. ಆದರೆ ಇಪ್ಪತ್ತರ ಹುಡುಗರಿಗೆ ‘ಹಿರಿ’ ಅಂದರೆ ಹಿರಿಯ ಮಾತ್ರ. ಹಾಳೆಯಲ್ಲಿ ‘ನೇರ ಎಳೆಯಿರಿ’ ಎಂದೇ ಇದೆ. ನಿಮ್ಮೂರಿನಲ್ಲಿ ‘ಹಿರಿ’ ಇನ್ನೂ ಮಾತಿನಲ್ಲಿದ್ದರೆ ಯಾವ ವಸ್ತುವಿಗೆ ಬಳಸುತ್ತೀರಿ, ಬರೆಯಿರಿ. ಆಸೆ ಇನ್ನೂ ಹೋಗಿಲ್ಲ.

ಥರ್ಮಲ್ ಪೇಸ್ಟಿಗೆ ನಾಲ್ಕು ಕ್ರಿಯಾಪದ ಸಾಲಾಗಿ ನಿಂತಿವೆ: ಹಚ್ಚು, ಬಳಿ, ಸವರು, ಮೆತ್ತು. ಇದರಲ್ಲಿ ಅಳತೆ ಇದೆ ನೋಡಿ. ಮೆತ್ತುವುದು ದಪ್ಪಕ್ಕೆ, ಸವರುವುದು ತೆಳುವಿಗೆ. ಪೇಸ್ಟಿನ ಕೆಲಸ ಚಿಪ್ಪಿಗೂ ಮೇಲಿನ ಲೋಹಕ್ಕೂ ನಡುವಿನ ಸಣ್ಣ ಗಾಳಿಸಂದಿ ತುಂಬುವುದು. ಮೆತ್ತಿದರೆ ಶಾಖ ದಾಟುವುದು ಹೆಚ್ಚುವುದಿಲ್ಲ, ಅಂಚಿನಿಂದ ಸುರಿಯುತ್ತದೆ ಅಷ್ಟೇ. ‘ಸವರು’ ಗೆದ್ದಿತು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ‘ಒರೆಸಿ’, ‘ಉಜ್ಜಬೇಡಿ’.

ಮುಂದಿನದು ನಿಜವಾಗಿ ಗೊಂದಲ. ಫ್ಯಾನಿನ ಧೂಳು ‘ಊದಿ’ ತೆಗೆಯಬೇಕು, ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡು. ಕೆಳಗಿನ ಸಾಲಿನಲ್ಲೇ ‘ಬ್ಯಾಟರಿ ಊದಿದ್ದರೆ ಮುಟ್ಟಬೇಡಿ’ ಎಂದಿದೆ. ಒಂದು ಊದು ನಾವು ಮಾಡುವುದು, ಇನ್ನೊಂದು ಬ್ಯಾಟರಿಗೆ ಆಗುವುದು. ‘ಬ್ಯಾಟರಿಯನ್ನು ನಾವ್ಯಾಕೆ ಊದಬೇಕು?’ ಎಂದು ಒಬ್ಬ ಕೇಳಿಯೇಬಿಟ್ಟ. ‘ಉಬ್ಬು’ ಎಂದು ಬದಲಿಸಬಹುದು. ಆದರೆ ಉಬ್ಬುವುದು ಪೂರಿ, ಉಬ್ಬುವುದು ಸಂತೋಷದ ಎದೆ. ಎಚ್ಚರಿಕೆಯ ಹಲಗೆಗೆ ಅದು ಒಗ್ಗುವುದಿಲ್ಲ. ಮರಾಠಿಯಲ್ಲಿ ‘ಬ್ಯಾಟರಿ ಫುಗಲೀ’ ಅಂದರೆ ಸಾಕು, ಎಲ್ಲರೂ ಹಿಂದೆ ಸರಿಯುತ್ತಾರೆ. ಲಿಥಿಯಂ ಬ್ಯಾಟರಿಯೊಳಗಿನ ದ್ರವ ಕೆಟ್ಟು ಅನಿಲವಾದಾಗ ಚೀಲ ದಪ್ಪಗಾಗುತ್ತದೆ. ಎಷ್ಟೋ ಸಲ ಮೊದಲು ಗೊತ್ತಾಗುವುದು ಟಚ್‌ಪ್ಯಾಡ್ ಮೇಲೆದ್ದಾಗ, ಇಲ್ಲವೇ ಒತ್ತಿದರೆ ಒತ್ತದಿದ್ದಾಗ, ಯಾಕೆಂದರೆ ಬ್ಯಾಟರಿ ಸಾಮಾನ್ಯವಾಗಿ ಅದರ ಕೆಳಗೇ ಇರುತ್ತದೆ. ಅಂಥದ್ದನ್ನು ಮೀಟಲೂ ಬಾರದು, ಚುಚ್ಚಲೂ ಬಾರದು. ಹಾಗಾಗಿ ಕಾಯಿಲೆಯ ಪದವೇ ಬೇಕು. ‘ಬಾತಿದ್ದರೆ’ ಅಥವಾ ‘ಊದಿಕೊಂಡಿದ್ದರೆ’. ಬಡಗಣ ಕಡೆಯವರಿಗೆ ‘ಬಾತು’ ಸಲೀಸು. ಕರಾವಳಿಯವರಿಗೆ ಊದಿಕೊಳ್ಳುವುದೇ ಹತ್ತಿರ. ಸದ್ಯಕ್ಕೆ ಎರಡನ್ನೂ ಹಾಕಿದ್ದೇನೆ, ಬೆಂಕಿಯ ವಿಷಯದಲ್ಲಿ ಭಾಷಾಭಿಮಾನ ಬೇಡ.

‘ಅಪ್‌ಗ್ರೇಡ್’ಗೆ ಏನು ಮಾಡಿದೆ ಅಂತ ಕೇಳುವಿರಿ. ಏನೂ ಮಾಡಲಿಲ್ಲ. ‘ಮೇಲ್ದರ್ಜೆಗೆ ಏರಿಸು’ ತಾಲೂಕು ಆಸ್ಪತ್ರೆಗೆ ಇರಲಿ. ‘ನವೀಕರಣ’ವನ್ನು ಲೈಸೆನ್ಸಿನವರೂ ಸಾಫ್ಟ್‌ವೇರಿನವರೂ ಹಿಡಿದಿದ್ದಾರೆ. ರ‍್ಯಾಮ್ ಏರಿಸು, ಎಸ್‌ಎಸ್‌ಡಿ ಬದಲಿಸು, ಪೇಸ್ಟ್ ಹೊಸದು ಹಾಕು. ಒಟ್ಟಾರೆ ಪದ ಯಾರಿಗೂ ಬೇಕಾಗಲಿಲ್ಲ.

ತೆಳುವಿನ ಬಗ್ಗೆ ಸಣ್ಣ ಜಗಳವಿದೆ. ನಮ್ಮ ಕರಾವಳಿಯವರು ‘ಸಪೂರ ಲ್ಯಾಪ್‌ಟಾಪ್’ ಅನ್ನುತ್ತಾರೆ. ನನಗೆ ಸಪೂರ ಅಂದರೆ ಕೋಲು, ಸೊಂಟ, ದಾರ. ಹಾಳೆಯ ಹಾಗಿರುವುದು ತೆಳು. 2008ರಲ್ಲಿ ಮ್ಯಾಕ್‌ಬುಕ್ ಏರನ್ನು ಲಕೋಟೆಯೊಳಗಿಂದ ತೆಗೆದು ತೋರಿಸಿದರಲ್ಲ, ಅದು ತೆಳು. ಇದರಲ್ಲಿ ನಾನು ಬಗ್ಗುವುದಿಲ್ಲ.

ಕೊನೆಗೆ, ನನ್ನ ಬಳಿ ಪದವೇ ಇಲ್ಲದ ಜಾಗ. ತಿರುಪಿನ ಮೈಮೇಲೆ ಸುತ್ತಿ ಬರುವ ಗೆರೆ ಇದೆಯಲ್ಲ, ಅದು ಸವೆದರೆ ತಿರುಪು ಸುಮ್ನೆ ತಿರುಗುತ್ತಲೇ ಇರುತ್ತದೆ, ಹಿಡಿಯುವುದಿಲ್ಲ. ಮರಾಠಿಯವರು ‘ಆಟೇ ಗೇಲೇ’ ಅನ್ನುತ್ತಾರೆ. ತಮಿಳಿನಲ್ಲಿ ಆ ಗೆರೆಗೆ ‘ಮರೈ’. ನಮ್ಮ ಹುಡುಗರು ‘ಥ್ರೆಡ್ ಹೋಯ್ತು’, ‘ಸ್ಲಿಪ್ ಆಗ್ತಾ ಇದೆ’ ಅನ್ನುತ್ತಾರೆ. ನಾನು ‘ಸುತ್ತು ಸವೆದಿದೆ’ ಎಂದು ಬರೆದಿದ್ದೇನೆ, ಆದರೆ ಅದು ಬರೆದ ಪದ, ಆಡಿದ ಪದವಲ್ಲ. ಬೋರ್‌ವೆಲ್ ಪೈಪು ಜೋಡಿಸುವವರು, ಲೇತ್ ಕೆಲಸದವರು, ಅಕ್ಕಸಾಲಿಗರು ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ? ನಿಮ್ಮೂರು ಯಾವುದು ಅನ್ನುವುದನ್ನೂ ಜೊತೆಗೆ ತಿಳಿಸಿದರೆ ಉಪಕಾರ. ಬರುವ ಶನಿವಾರ ಹಾಳೆ ಪ್ರಿಂಟಿಗೆ ಹೋಗುತ್ತದೆ.